ಗಡಿಸೀಮೆಯಲ್ಲಿ ಚಿತ್ರಕಾವ್ಯ: ಸಂಗ್ರಹ ಮತ್ತು ಸೂಚೀಕರಣದ ಸಮಸ್ಯೆ

ಇಂದು ಕರ್ನೂಲು ಜಿಲ್ಲೆಯಲ್ಲಿರುವ ಹೊಳಗುಂದವು 1953ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆ, ಆಲೂರು ತಾಲ್ಲೂಕಿಗೆ ಸೇರಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ಈ ಸೀಮೆಯ ಹಳೆಯ ಕನ್ನಡ ಬರಹವನ್ನು ಅರಸುವವರು ಈಗ ಚೆನ್ನೈ, ತಿರುಪತಿ, ಮೈಸೂರುಗಳ ಹಸ್ತಪ್ರತಿ ಭಂಡಾರಗಳ ಸೂಚಿಗಳನ್ನೇ ಅವಲಂಬಿಸಬೇಕು. ಸೂಚಿಯಲ್ಲಿ ನಮೂದಾಗದ ಕೃತಿ ಅಂಥವರ ಪಾಲಿಗೆ ಇಲ್ಲದಂತೆಯೇ. ಹೀಗೆ ಕಣ್ಮರೆಯಾಗುವ ಅಪಾಯ ಹೆಚ್ಚಾಗಿರುವುದು ಚಿತ್ರಕಾವ್ಯಕ್ಕೆ.

ಚಿತ್ರಕಾವ್ಯದಲ್ಲಿ ಅಕ್ಷರಗಳು ಅರ್ಥವನ್ನು ಹೇಳುವುದರ ಜೊತೆಗೆ ಒಂದು ಆಕೃತಿಯಲ್ಲಿ ಸ್ಥಾನವನ್ನೂ ಪಡೆಯುತ್ತವೆ. ದಂಡಿಯ ಕಾವ್ಯಾದರ್ಶ ಗೋಮೂತ್ರಿಕೆ, ಅರ್ಧಭ್ರಮ, ಸರ್ವತೋಭದ್ರಗಳನ್ನು ವಿವರಿಸುತ್ತದೆ. ಅದರ ಜಾಡಿನಲ್ಲಿ ನಡೆದ ಕವಿರಾಜಮಾರ್ಗವು ಎರಡನೆಯ ಪರಿಚ್ಛೇದದಲ್ಲಿ ದುಷ್ಕರ ರಚನೆಗಳನ್ನು ಕನ್ನಡಕ್ಕೆ ತಂದಿತು. ಆದರೆ ಆನಂದವರ್ಧನನ ಧ್ವನ್ಯಾಲೋಕ ಚಿತ್ರವನ್ನು ಕಾವ್ಯದ ಅನುಕರಣವೆಂದು ಕೆಳಗಿಟ್ಟಿತು. ಮಮ್ಮಟ ಅದನ್ನು ಅವರಕಾವ್ಯವೆಂದನು. ಸಂಗ್ರಾಹಕರ ಉದಾಸೀನಕ್ಕೆ ಮೀಮಾಂಸೆಯ ಈ ತೀರ್ಪೂ ಒಂದು ಕಾರಣ.

ಎರಡನೆಯ ಕಾರಣ ಸೂಚಿಯ ರಚನೆಯಲ್ಲೇ ಇದೆ. ವಿವರಣಾತ್ಮಕ ಸೂಚಿಯು ಕೃತಿ, ಕರ್ತೃ, ಗರಿಗಳ ಸಂಖ್ಯೆ, ಲಿಪಿ, ಆದಿ, ಅಂತ್ಯ ಇಷ್ಟನ್ನು ಕೊಡುತ್ತದೆ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳ (1907, 1919, 1929) ಕೇಂದ್ರವೂ ಕವಿ, ಕಾಲ ಮತ್ತು ಉದ್ಧೃತ ಪದ್ಯಗಳೇ. ಮದರಾಸು ಅಧಿಪತ್ಯದ ಕನ್ನಡ ಶಾಸನಗಳ ಸಂಪುಟವು (1939) ಪಾಠವನ್ನು ಸಾಲು ಸಾಲಾಗಿ ಮುದ್ರಿಸಿತು. ವೀರಗಲ್ಲಿನ ಶಿಲ್ಪಪಟ್ಟಿಕೆಗಳ ನಡುವೆ ಬರಹ ಎಲ್ಲಿ ಕುಳಿತಿದೆ ಎಂಬುದು ಅಂಥ ಪಾಠದಿಂದ ಕಾಣುವುದಿಲ್ಲ. ಮೂರೂ ಮಹತ್ಕಾರ್ಯಗಳೇ, ಆದರೆ ಮೂರೂ ಬರಹವನ್ನು ಸಾಲೆಂದು ಗ್ರಹಿಸಿದವು.

ಆಕೃತಿಯನ್ನು ಬಿಟ್ಟರೆ ಕಳೆದುಹೋಗುವುದು ಅಲಂಕಾರವೊಂದೇ ಅಲ್ಲ. ಗೋಮೂತ್ರಿಕೆಯಲ್ಲಿ ಪದ್ಯದ ಎರಡು ಅರ್ಧಗಳನ್ನು ಒಂದರ ಕೆಳಗೊಂದು ಬರೆದರೆ ಸಮಸ್ಥಾನದ ಅಕ್ಷರಗಳು ಎರಡರಲ್ಲೂ ಒಂದೇ ಆಗಿರುತ್ತವೆ. ಓರೆಯಾಗಿ ಮೇಲೆ ಕೆಳಗೆ ಓದುತ್ತ ಹೋದರೂ ಅದೇ ಪದ್ಯ ಮೂಡುತ್ತದೆ. ಸರ್ವತೋಭದ್ರದಲ್ಲಿ 32 ಅಕ್ಷರಗಳ ಶ್ಲೋಕ 64 ಮನೆಗಳಲ್ಲಿ ಹರಡಿ ನಾಲ್ಕೂ ದಿಕ್ಕಿನಿಂದ ಓದಿಸಿಕೊಳ್ಳುತ್ತದೆ. ಹೀಗಾಗಿ ಲಿಪಿಕಾರನ ಸ್ಖಾಲಿತ್ಯವನ್ನು ಬಂಧವೇ ತೋರಿಸಿಕೊಡುತ್ತದೆ. ಬ-ವ, ಡ-ಲ, ರ-ಲಗಳಿಗೆ ಚಿತ್ರದಲ್ಲಿ ಅಭೇದವನ್ನು ಒಪ್ಪಿದ ಸಂಪ್ರದಾಯವೂ ಇದೆ. ಇದನ್ನರಿಯದ ಸಂಪಾದಕ ಒಂದಕ್ಷರವನ್ನು ‘ತಿದ್ದಿದರೆ’ ಸಾಲು ಶುದ್ಧವಾಗಿ ಕಂಡು ಬಂಧ ಮುರಿಯುತ್ತದೆ.

ಕನ್ನಡದಲ್ಲಿ ಈ ಸಮಸ್ಯೆಯ ಅತಿರೂಪ ಸಿರಿಭೂವಲಯ. ಕುಮುದೇಂದುವಿನದೆಂದು ಹೇಳಲಾದ ಈ ಕೃತಿಯ ಒಂದೊಂದು ಚಕ್ರದಲ್ಲಿ 27 ಸಾಲು, 27 ಕಂಬ, ಒಟ್ಟು 729 ಮನೆಗಳು. ಮನೆಗಳಲ್ಲಿರುವುದು 1ರಿಂದ 64ರವರೆಗಿನ ಅಂಕಿಗಳು. ಅಂಕಿಯನ್ನು ಧ್ವನಿಯಾಗಿಸಿ ನಿಗದಿತ ಬಂಧದ ದಾರಿಯಲ್ಲಿ ನಡೆದರಷ್ಟೇ ಪದ್ಯ ದೊರೆಯುತ್ತದೆ. ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ ಅದು ಮುದ್ರಣಗೊಂಡದ್ದು 1953ರಲ್ಲಿ. ಅದರ ಕಾಲ, ಪ್ರಾಮಾಣ್ಯಗಳ ವಿವಾದ ಬಗೆಹರಿದಿಲ್ಲ. ವಿವಾದ ಏನೇ ಇರಲಿ, ‘ಆದಿ’ ಮತ್ತು ‘ಅಂತ್ಯ’ ಎಂಬ ಅಂಕಣಗಳು ಇಂಥ ಕೃತಿಯ ಬಗ್ಗೆ ಏನನ್ನೂ ತಿಳಿಸಲಾರವು.

ಅದೇ 1953ರಲ್ಲಿ ಯುರೋಪಿನಲ್ಲಿ ಓಯ್ಗನ್ ಗೋಮ್ರಿಂಗರನ ‘ಕೋನ್ಸ್ಟೆಲಾಟ್ಸಿಯೋನೆನ್’ ಪ್ರಕಟವಾಗಿ ಕಾಂಕ್ರೀಟ್ ಕಾವ್ಯಕ್ಕೆ ನಾಂದಿಯಾಯಿತು. ಎರಡು ಘಟನೆಗಳಿಗೂ ಸಂಬಂಧವಿಲ್ಲ. ಸಂಗ್ರಹದ ಇತಿಹಾಸ ಮಾತ್ರ ಹೋಲಿಕೆಗೆ ಅರ್ಹ. ಮಯಾಮಿಯಲ್ಲಿ ರೂತ್ ಮತ್ತು ಮಾರ್ವಿನ್ ಸ್ಯಾಕ್ನರ್ ದಂಪತಿ 1979ರಲ್ಲಿ ಆರಂಭಿಸಿದ ಕಾಂಕ್ರೀಟ್ ಹಾಗೂ ದೃಶ್ಯಕಾವ್ಯದ ಭಂಡಾರ 2019ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಸೇರಿತು. ಡಿಕ್ ಹಿಗ್ಗಿನ್ಸ್ 1987ರಲ್ಲಿ ಪ್ರಕಟಿಸಿದ ಆಕೃತಿಕಾವ್ಯದ ಸಮೀಕ್ಷೆಯಲ್ಲಿ ಸಂಸ್ಕೃತ ಚಿತ್ರಕಾವ್ಯದ ಬಗ್ಗೆ ಕಲಾನಾಥ ಝಾ ಅವರ ಲೇಖನವಿದೆ. ಸಂಸ್ಕೃತಕ್ಕೆ ದೊರೆತ ಈ ಪ್ರವೇಶ ಕನ್ನಡಕ್ಕೂ ದೊರೆಯಬೇಕಾದರೆ ಮೊದಲು ಕನ್ನಡದ್ದೇ ಸೂಚಿ ಬೇಕು.

ಆ ಕಾರ್ಯಕ್ಕೆ ಹೊಳಗುಂದದಂಥ ದ್ವಿಭಾಷಿಕ ಸೀಮೆ ತಕ್ಕ ನೆಲೆ. ಕನ್ನಡ ಕೃತಿ ತೆಲುಗು ಲಿಪಿಯಲ್ಲಿರಬಹುದಾದ ಕಡೆ ಭಾಷೆ ಮತ್ತು ಲಿಪಿಗಳನ್ನು ಬೇರೆಬೇರೆಯಾಗಿ ನಮೂದಿಸದೆ ಗತ್ಯಂತರವಿಲ್ಲ. ಬಂಧ ನಿಂತಿರುವುದು ಅಕ್ಷರದ ಸ್ಥಾನದ ಮೇಲೆ, ಲಿಪಿಯ ಗೆರೆಯ ಮೇಲಲ್ಲ. ಆದ್ದರಿಂದ ಅದು ತೆಲುಗಿನಿಂದ ಕನ್ನಡಕ್ಕೆ ಹಾನಿಯಿಲ್ಲದೆ ದಾಟುತ್ತದೆ. ಸೂಚಿಗೆ ಸೇರಬೇಕಾದ ಅಂಕಣಗಳು ಐದು: ಬಂಧದ ಹೆಸರು, ಮನೆಗಳ ಸಂಖ್ಯೆ, ಆರಂಭದ ಮನೆ ಹಾಗೂ ಓದಿನ ದಿಕ್ಕು, ಒಪ್ಪಿಕೊಂಡ ಅಭೇದಗಳು, ಗರಿಯ ಛಾಯಾಚಿತ್ರ. ಮನೆಯ ಅಟ್ಟದ ಮೇಲಿನ ಓಲೆಕಟ್ಟಿನಲ್ಲಿ ಅಕ್ಷರ ತುಂಬಿದ ಚೌಕವೊಂದು ಸಿಕ್ಕರೆ ಈ ಐದು ವಿವರಗಳಿಲ್ಲದ ಸೂಚಿ ಅದನ್ನು ‘ಪ್ರಕೀರ್ಣ’ವೆಂದು ಬರೆದು ಮುಚ್ಚಿಬಿಡುತ್ತದೆ. ಓಲೆ ಉಳಿದೀತು, ಅದನ್ನು ಓದುವ ದಾರಿ ಉಳಿಯದು.