ಹನ್ನೊಂದು ಭಾಷೆಗಳ ಸಾಕ್ಷ್ಯ: ಪದಕ್ರಮ ಸಾರ್ವತ್ರಿಕಗಳ ಚರಿತ್ರೆಯಲ್ಲಿ ಕನ್ನಡ

1961ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಡಾಬ್ಸ್ ಫೆರಿಯಲ್ಲಿ ನಡೆದ ಸಮ್ಮೇಳನದಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಮಂಡಿಸಿದ ಪ್ರಬಂಧವು 1963ರಲ್ಲಿ ಪ್ರಕಟವಾಯಿತು. 30 ಭಾಷೆಗಳನ್ನು ಆಧರಿಸಿ 45 ವ್ಯಾಕರಣ ಸಾರ್ವತ್ರಿಕಗಳನ್ನು ನಿರೂಪಿಸಿದ ಈ ಪ್ರಬಂಧದಲ್ಲಿ ದ್ರಾವಿಡ ಕುಟುಂಬದ ಏಕೈಕ ಪ್ರತಿನಿಧಿ ಕನ್ನಡ. ಅದರ ಒಂದು ಕೋಷ್ಟಕವು ಮುಂದೆ ಹೇಗೆ ನಿಯಮವಾಗಿ ಬೆಳೆಯಿತು, ಆ ನಿಯಮ ಹೇಗೆ ಬಿದ್ದುಹೋಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಆ 30 ಭಾಷೆಗಳಲ್ಲಿ ಕರ್ತೃ-ಕರ್ಮ-ಕ್ರಿಯಾ ಕ್ರಮವುಳ್ಳವು 11. ಈ ಹನ್ನೊಂದರಲ್ಲಿಯೂ 'ಮನೆಯ ಮೇಲೆ' ಎಂಬಲ್ಲಿರುವಂತೆ ಸಂಬಂಧಸೂಚಕ ಪದವು ನಾಮಪದದ ನಂತರವೇ ಬರುತ್ತದೆ. ವಿಶೇಷಣದ ವಿಷಯದಲ್ಲಿ ಇಂಥ ಏಕರೂಪತೆಯಿಲ್ಲ. 'ಹಳೆಯ ಮನೆ' ಎಂಬಂತೆ ವಿಶೇಷಣವನ್ನು ಮೊದಲಿಡುವ ಭಾಷೆಗಳು 6: ಕನ್ನಡ, ಹಿಂದಿ, ಬುರುಶಾಸ್ಕಿ, ತುರ್ಕಿ, ಜಪಾನಿ ಹಾಗೂ ಕೆಚುವಾ. ನಾಮಪದದ ನಂತರ ಇಡುವವು 5: ಬಾಸ್ಕ್, ಬರ್ಮೀಸ್, ನೂಬಿಯನ್, ಲೊರಿಟ್ಜ ಹಾಗೂ ಚಿಬ್ಚ. 6ಕ್ಕೆ 5 ಎಂಬ ಈ ಪ್ರಮಾಣದಿಂದ ಯಾವ ನಿಯಮವೂ ಹೊರಡದು. ಭಾಷೆಗಳ ಆಯ್ಕೆಯಲ್ಲಿ ಅನುಕೂಲವೇ ಪ್ರಧಾನವಾಗಿತ್ತೆಂದು ಗ್ರೀನ್‌ಬರ್ಗ್ ಸ್ವತಃ ಒಪ್ಪಿಕೊಂಡಿದ್ದರು.

ಆದರೂ 1970ರ ದಶಕದಲ್ಲಿ ನಿಯಮ ರೂಪುಗೊಂಡಿತು. ವಿನ್‌ಫ್ರೆಡ್ ಲೇಮನ್ ಹಾಗೂ ಥಿಯೋ ಫೆನೆಮನ್ ಕರ್ಮ-ಕ್ರಿಯೆಗಳ ಕ್ರಮವನ್ನೇ ಮೂಲತತ್ತ್ವವಾಗಿಸಿದರು. ಕರ್ಮವು ಕ್ರಿಯಾಪದದ ಮುಂಚೆ ಬಂದರೆ ವಿಶೇಷಣವೂ ನಾಮಪದದ ಮುಂಚೆ ಬರಬೇಕೆಂಬುದು ಆ ತತ್ತ್ವದಿಂದ ಹೊರಟ ನಿರೀಕ್ಷೆ. ಕನ್ನಡ, ತುರ್ಕಿ, ಜಪಾನಿಯಂಥ ಭಾಷೆಗಳು ಆದರ್ಶ ಮಾದರಿಗಳಾಗಿ ಕಂಡವು. ಬಾಸ್ಕ್, ಬರ್ಮೀಸ್‌ನಂಥವು ವಿವರಣೆ ಬೇಡುವ ಅಪವಾದಗಳಾದವು.

1988ರಲ್ಲಿ ಮ್ಯಾಥ್ಯೂ ಡ್ರೈಯರ್ ಈ ನಂಬಿಕೆಯನ್ನು ಪ್ರಶ್ನಿಸಿದರು. ಅವರು ಅನುಸರಿಸಿದ ಕ್ರಮ ಸರಳ: ನಿಕಟ ಸಂಬಂಧವುಳ್ಳ ಭಾಷೆಗಳನ್ನು ಒಂದೇ ಗುಂಪಾಗಿ ಎಣಿಸುವುದು, ಆ ಗುಂಪುಗಳನ್ನು ಖಂಡದಷ್ಟು ವಿಸ್ತಾರವಾದ ಪ್ರದೇಶಗಳಲ್ಲಿ ಪ್ರತ್ಯೇಕವಾಗಿ ಹೋಲಿಸುವುದು. ಕರ್ಮವನ್ನು ಮೊದಲಿಡುವ ಭಾಷೆಗಳಲ್ಲಿ ವಿಶೇಷಣವೂ ಮೊದಲು ಬರುವ ಒಲವು ಮುಖ್ಯವಾಗಿ ಯುರೇಷ್ಯದ್ದೆಂದು ಇದರಿಂದ ತಿಳಿದುಬಂತು. ಜಗತ್ತಿನ ಉಳಿದೆಡೆ ಅಂಥ ಭಾಷೆಗಳಲ್ಲಿ ವಿಶೇಷಣವು ನಂತರ ಬರುವುದೇ ಒಟ್ಟಾರೆ ಹೆಚ್ಚು. 1992ರಲ್ಲಿ 625 ಭಾಷೆಗಳನ್ನು ಆಧರಿಸಿದ ಅವರ ಅಧ್ಯಯನವು ಇದನ್ನು ದೃಢಪಡಿಸಿತು. ಸಂಬಂಧಸೂಚಕ ಪದಗಳ ಕುರಿತ ಗ್ರೀನ್‌ಬರ್ಗರ ಹೇಳಿಕೆಯಾದರೋ ಈ ಪರೀಕ್ಷೆಯಲ್ಲಿ ಉಳಿದುಕೊಂಡಿತು.

ಈಗ ಮೊದಲಿನ ಆರು ಭಾಷೆಗಳತ್ತ ಮರಳಬಹುದು. ಕೆಚುವಾ ಒಂದನ್ನು ಬಿಟ್ಟರೆ ಐದೂ ಏಷ್ಯದವು. ಅವುಗಳಲ್ಲಿ ಮೂರು ಭಾರತ ಉಪಖಂಡದವು. ಕುಟುಂಬ ಬೇರೆಯಾದರೂ ದೀರ್ಘ ಸಂಪರ್ಕದಿಂದ ಇಲ್ಲಿನ ಭಾಷೆಗಳು ಲಕ್ಷಣಗಳನ್ನು ಹಂಚಿಕೊಂಡಿವೆಯೆಂದು ಎಂ. ಬಿ. ಎಮೆನೋ 1956ರಲ್ಲಿಯೇ ತೋರಿಸಿದ್ದರು. ಹಾಗಿರುವಾಗ ಕನ್ನಡ ಮತ್ತು ಹಿಂದಿಯನ್ನು ಪರಸ್ಪರ ಸ್ವತಂತ್ರವಾದ ಎರಡು ಸಾಕ್ಷ್ಯಗಳೆಂದು ಎಣಿಸುವ ಮುನ್ನ ಯೋಚಿಸಬೇಕಾಗಿತ್ತು. ಪ್ರದೇಶಭಾಷಾವಿಜ್ಞಾನ ಮತ್ತು ಸಾರ್ವತ್ರಿಕಗಳ ಅಧ್ಯಯನ ಬೇರೆಬೇರೆ ದಾರಿ ಹಿಡಿದದ್ದರಿಂದ ಆ ಯೋಚನೆ ತಡವಾಯಿತು.

ಕನ್ನಡದ ಪದಕ್ರಮ ನಮಗೆ ಎಷ್ಟು ಸಹಜವೆನಿಸುತ್ತದೆಯೆಂದರೆ ಅದರ ಒಳಸಾಮರಸ್ಯವೇ ಮಾನವಭಾಷೆಯ ಸ್ವಭಾವವೆಂದು ತೋರುವುದುಂಟು. ಕನ್ನಡವನ್ನು ಸಾರ್ವತ್ರಿಕಗಳ ಚರ್ಚೆಗೆ ಒಯ್ಯುವ ಸಂಶೋಧಕರು ಮೊದಲು ಕೇಳಿಕೊಳ್ಳಬೇಕಾದುದು ಇದನ್ನೇ: ಈ ಲಕ್ಷಣ ಭಾಷೆಯದೋ, ನೆರೆಹೊರೆಯದೋ?