ಸಂತ ಆನ್ಸೆಲ್ಮರು ಮತ್ತು ಕಳೆದುಹೋದ ದ್ವೀಪ

ಪ್ರತಿ ವರ್ಷ ಏಪ್ರಿಲ್ 21ರಂದು ನಾವು ಸಂತ ಆನ್ಸೆಲ್ಮರನ್ನು ಸ್ಮರಿಸುತ್ತೇವೆ. ಇಂದಿನ ಇಟಲಿಯ ಆವೊಸ್ತಾದಲ್ಲಿ ಹುಟ್ಟಿದ ಇವರು ನಾರ್ಮಂಡಿಯ ಬೆಕ್ ಮಠವನ್ನು ಸೇರಿ, 1093ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದರು. ಆದರೆ ತತ್ವಶಾಸ್ತ್ರದ ಚರಿತ್ರೆಯಲ್ಲಿ ಅವರ ಹೆಸರು ಉಳಿದಿರುವುದು 1078ರ ಸುಮಾರಿಗೆ ಮಠದಲ್ಲಿ ಬರೆದ ‘ಪ್ರೊಸ್ಲೋಜಿಯನ್’ ಎಂಬ ಪುಟ್ಟ ಪುಸ್ತಕದಿಂದ.

ದೇವರಿದ್ದಾರೆ ಎಂದು ತೋರಿಸಲು ಒಂದೇ ವಾದ ಸಾಕಾಗಬೇಕು ಎಂಬುದು ಅವರ ಹಂಬಲವಾಗಿತ್ತು. ಊಟ ನಿದ್ದೆ ಕೆಡಿಸಿದ ಆ ಹುಡುಕಾಟ ಒಂದು ರಾತ್ರಿಯ ಪ್ರಾರ್ಥನೆಯ ವೇಳೆ ಫಲಿಸಿತೆಂದು ಶಿಷ್ಯ ಈಡ್ಮರ್ ಬರೆದಿದ್ದಾರೆ. ವಾದ ಹೀಗಿದೆ: ದೇವರೆಂದರೆ, ಅವರಿಗಿಂತ ಮಿಗಿಲಾದುದನ್ನು ಊಹಿಸಲಾಗದವರು. ಕೀರ್ತನೆಯಲ್ಲಿ ಬರುವ ಮೂಢನು ದೇವರಿಲ್ಲ ಎಂದರೂ ಈ ಮಾತಿನ ಅರ್ಥ ಅವನಿಗೆ ತಿಳಿಯುತ್ತದೆ. ಅಂದರೆ ಅದು ಅವನ ಮನಸ್ಸಿನಲ್ಲಿದೆ. ಮನಸ್ಸಿನಲ್ಲಷ್ಟೇ ಇರುವುದಕ್ಕಿಂತ ನಿಜವಾಗಿಯೂ ಇರುವುದು ಮಿಗಿಲು. ದೇವರು ಮನಸ್ಸಿನಲ್ಲಷ್ಟೇ ಇದ್ದರೆ ಅವರಿಗಿಂತ ಮಿಗಿಲಾದುದನ್ನು ಊಹಿಸಬಹುದು, ಅದು ಅಸಂಗತ. ಆದ್ದರಿಂದ ದೇವರು ನಿಜವಾಗಿಯೂ ಇದ್ದಾರೆ.

ಆ ಕಾಲದಲ್ಲೇ ಇದನ್ನು ಪ್ರಶ್ನಿಸಿದವರು ನಾಸ್ತಿಕರಲ್ಲ. ಫ್ರಾನ್ಸಿನ ಮಾರ್ಮೂತಿಯೆ ಮಠದ ಸಂನ್ಯಾಸಿ ಗೌನಿಲೊ. ಮೂಢನ ಪರವಾಗಿ ನಿಂತು ಅವರು ಕೇಳಿದರು: ಸಾಗರದಲ್ಲಿ ಕಳೆದುಹೋದ ಒಂದು ದ್ವೀಪವಿದೆ, ಅದು ಎಲ್ಲ ನಾಡುಗಳಿಗಿಂತ ಶ್ರೇಷ್ಠ ಎಂದು ಯಾರಾದರೂ ಹೇಳಿದರೆ ಮಾತು ಅರ್ಥವಾಗುತ್ತದೆ. ಶ್ರೇಷ್ಠವಾದ್ದರಿಂದ ಅದು ಇರಲೇಬೇಕು ಎಂದರೆ ನಂಬುವುದು ಹೇಗೆ?

ತಮ್ಮ ವಾದ ಯಾವ ದ್ವೀಪಕ್ಕೂ ಸಲ್ಲದು, ಇಲ್ಲದಿರುವುದು ಸಾಧ್ಯವೇ ಇಲ್ಲದ ದೇವರಿಗೆ ಮಾತ್ರ ಸಲ್ಲುತ್ತದೆ ಎಂದು ಆನ್ಸೆಲ್ಮರು ಉತ್ತರಿಸಿದರು. ಇದರಲ್ಲಿ ಹುರುಳಿದೆ. ದ್ವೀಪ ಎಷ್ಟೇ ಚೆನ್ನಾಗಿದ್ದರೂ ಇನ್ನೊಂದು ಹಣ್ಣಿನ ಮರಕ್ಕೆ ಅಲ್ಲಿ ಜಾಗವಿರುತ್ತದೆ. ಅದರ ಶ್ರೇಷ್ಠತೆಗೆ ಕೊನೆಯಿಲ್ಲ. ಆದರೆ ಗೌನಿಲೊ ಎತ್ತಿದ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ: ನಮ್ಮ ಬುದ್ಧಿ ಗ್ರಹಿಸಿರುವುದು ದೇವರನ್ನೋ, ಬರೀ ಪದಗಳನ್ನೋ? 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರೂ ಈ ವಾದವನ್ನು ಒಪ್ಪಲಿಲ್ಲ. ದೇವರ ಸ್ವರೂಪ ನಮಗೆ ನೇರವಾಗಿ ತಿಳಿಯದು, ಸೃಷ್ಟಿಯನ್ನು ನೋಡಿ ಸೃಷ್ಟಿಕರ್ತರ ಕಡೆಗೆ ಸಾಗಬೇಕು ಎಂಬುದು ಅವರ ದಾರಿ. ಮುಂದೆ 1781ರಲ್ಲಿ ಕಾಂಟ್, ಇರುವಿಕೆ ಎಂಬುದು ವಸ್ತುವಿಗೆ ಸೇರಿಸುವ ಗುಣವೇ ಅಲ್ಲ ಎಂದರು.

ಹಾಗಾದರೆ ಆನ್ಸೆಲ್ಮರು ಸೋತರೇ? ಅವರು ಮಾಡಿದ ಒಂದು ಕೆಲಸವನ್ನು ಗಮನಿಸೋಣ. ಗೌನಿಲೊ ಅವರ ಟೀಕೆಯನ್ನೂ ತಮ್ಮ ಉತ್ತರವನ್ನೂ ಪುಸ್ತಕದ ಕೊನೆಗೆ ಸೇರಿಸಿಯೇ ಪ್ರತಿ ಮಾಡಬೇಕೆಂದು ಅವರು ತಿಳಿಸಿದರು. ಕೈಬರಹದ ಆ ಕಾಲದಲ್ಲಿ ಟೀಕೆಯನ್ನು ಕೈಬಿಟ್ಟಿದ್ದರೆ ಅದು ಅಳಿದೇ ಹೋಗಬಹುದಿತ್ತು. ಗೌನಿಲೊ ಕೂಡ ಪುಸ್ತಕದ ಉಳಿದ ಭಾಗಗಳನ್ನು ಮನಸಾರೆ ಹೊಗಳಿದ್ದರು.

ಈ ಪುಸ್ತಕಕ್ಕೆ ಆನ್ಸೆಲ್ಮರು ಮೊದಲು ಇಟ್ಟ ಹೆಸರಿನ ಅರ್ಥ, ಅರಿವನ್ನು ಅರಸುವ ವಿಶ್ವಾಸ ಎಂದು. ಅರಸುವವನಿಗೆ ಪ್ರಶ್ನೆ ಶತ್ರುವಲ್ಲ, ಜೊತೆಗಾರ. ನಮ್ಮ ಮನೆಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳು ‘ದೇವರಿದ್ದಾರೆಂದು ಹೇಗೆ ಗೊತ್ತು?’ ಎಂದು ಕೇಳಿದಾಗ ಗದರಿಸದಿರೋಣ. ಅವರ ಮಾತಿಗೂ ನಮ್ಮ ಉತ್ತರದ ಪಕ್ಕದಲ್ಲೇ ಜಾಗ ಕೊಡೋಣ.