ಎಲುಬು ಕೂಡಿದ ಮೇಲೆ
ದವಡೆಯ ಶಸ್ತ್ರಕ್ರಿಯೆಯ ಚರಿತ್ರೆಯೆಲ್ಲ ಎಲುಬಿನ ಲೆಕ್ಕದಲ್ಲಿದೆ. ಸುಟ್ಟ ಗಾಯದ ಎಳೆತದಿಂದ ಚಾಚಿಕೊಂಡಿದ್ದ ಯುವತಿಯೊಬ್ಬಳ ಕೆಳದವಡೆಯನ್ನು ಕತ್ತರಿಸಿ ಹಿಂದಕ್ಕೆ ಕೂರಿಸಿದ ಸಂಗತಿಯನ್ನು ಅಮೆರಿಕೆಯ ಹಲ್ಲಿಹೆನ್ 1849ರಲ್ಲಿ ಪ್ರಕಟಿಸಿದನು. ದವಡೆಯೆಲುಬನ್ನು ಉದ್ದಕ್ಕೆ ಸೀಳಿ ಸರಿಸುವ ಕ್ರಮವನ್ನು ಆಸ್ಟ್ರಿಯದ ಟ್ರೌನರ್ ಮತ್ತು ಓಬ್ವೆಗೇಸರ್ 1957ರಲ್ಲಿ ವಿವರಿಸಿದರು. ಸುಧಾರಣೆಗಳೊಡನೆ ಅದು ಇಂದಿಗೂ ಬಳಕೆಯಲ್ಲಿದೆ.

ಆದರೆ ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಆ ಎಲುಬಿನೊಳಗೇ ಹಾದಿದೆ. ಅದು ನೊಂದರೆ ತುಟಿ ಆಡುತ್ತದೆ, ಮಾತು ಬರುತ್ತದೆ. ಮುಟ್ಟಿದ್ದು ಮಾತ್ರ ತಿಳಿಯದು. ನರದ ಪೆಟ್ಟನ್ನು ಸೆಡನ್ 1943ರಲ್ಲಿ ಮೂರಾಗಿ ವಿಂಗಡಿಸಿದನು. ಬರಿಯ ಮಂಕು ವಾರಗಳಲ್ಲಿ ತಿಳಿಯಾಗುತ್ತದೆ. ಒಳಎಳೆ ತುಂಡಾದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆದುಬರಬೇಕು. ಪೂರ್ತಿ ಕಡಿದದ್ದು ಸಾಮಾನ್ಯವಾಗಿ ತಾನಾಗಿ ಕೂಡದು.

ಹಿಟ್ನಾಳದ ಕಡೆಯವರಿಗೆ ಈ ನಿಧಾನ ಹೊಸದಲ್ಲ. ಮುನಿರಾಬಾದಿನಲ್ಲಿ ತೂಬು ತೆರೆದ ದಿನವೇ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟೀತೆ? ಇರುವೆ ಹರಿದಂತೆ ಜುಮುಗುಟ್ಟುವುದು ಹಲವೊಮ್ಮೆ ನರ ಚೇತರಿಸುವ ಸೂಚನೆ. ಅಲ್ಲಿಯವರೆಗೆ ಚಹದ ಬಿಸಿಯನ್ನು ಬೆರಳಿನಿಂದ ತಿಳಿಯಬೇಕು. ಉಂಡ ಮೇಲೆ ಕನ್ನಡಿ ನೋಡಬೇಕು.

ಕೆಲವರಿಗೆ ಮರವು ಪೂರ್ತಿ ಹೋಗದು. ಶಸ್ತ್ರ ಹಿಡಿಯುವ ಮುನ್ನವೇ ರೋಗಿಗೆ ಇದನ್ನು ತಿಳಿಯಹೇಳುವುದು ವೈದ್ಯಧರ್ಮ. ಎಲುಬು ಕೂಡಿತೆಂಬಲ್ಲಿಗೆ ಚಿಕಿತ್ಸೆಯ ಕಥೆ ಮುಗಿಯುವುದಿಲ್ಲ.